ರೂನ್ ಚೀಲದ 25ನೇ ಕಲ್ಲು ಎಲ್ಲಿಂದ ಬಂತು?

ಈ ಬಟ್ಟೆ ಚೀಲ ನೋಡಿ. ಆನ್‌ಲೈನ್‌ನಲ್ಲಿ ತರಿಸಿದ್ದು. ಮೇಲೆ 'ಪ್ರಾಚೀನ ವೈಕಿಂಗ್ ರೂನ್‌ಗಳು' ಅಂತ ಅಚ್ಚು ಹಾಕಿದ್ದಾರೆ. ರೂನ್ ಅಂದರೆ ಉತ್ತರ ಯುರೋಪಿನ ಜನ ಹಿಂದೆ ಬಳಸುತ್ತಿದ್ದ ಲಿಪಿಯ ಅಕ್ಷರ. ವೈಕಿಂಗರು ಅಂದರೆ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಕಡೆಯ ಹಳೆಯ ಕಾಲದ ಕಡಲ ಯೋಧರು. ಒಳಗೆ ನುಣುಪಾದ ಸಣ್ಣ ಸಣ್ಣ ಕಲ್ಲುಗಳಿವೆ, ಅವುಗಳ ಮೇಲೆ ಚಿನ್ನದ ಬಣ್ಣದಲ್ಲಿ ಒಂದೊಂದು ಗುರುತು. ಜೊತೆಗೆ ಒಂದು ಚೀಟಿ. ಕಣ್ಣು ಮುಚ್ಚಿ ಒಂದು ಕಲ್ಲು ತೆಗೆಯಿರಿ, ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ ಅಂತ ಬರೆದಿದೆ. ಎಣಿಸಿದರೆ 25 ಕಲ್ಲು. 24ರ ಮೇಲೆ ಗುರುತಿದೆ. ಒಂದು ಮಾತ್ರ ಬೋಳು. ಅದು ಆ ಜನರ ಹಳೆಯ ದೇವರು ಓಡಿನ್‌ನ ಕಲ್ಲಂತೆ, ಕೈಗೆ ಬಂದರೆ 'ವಿಧಿ' ಅಂತ ಅರ್ಥವಂತೆ.

ಆ ಬೋಳು ಕಲ್ಲಿನಿಂದಲೇ ಮಾತು ಶುರು ಮಾಡೋಣ. ಯಾಕಂದರೆ ಅದು ಯಾವಾಗ ಹುಟ್ಟಿತು ಅಂತ ಹೇಳಬಹುದು. 1982ರಲ್ಲಿ ಅಮೆರಿಕದ ರಾಲ್ಫ್ ಬ್ಲಮ್ ಎಂಬುವರು ರೂನ್ ಶಕುನದ ಒಂದು ಪುಸ್ತಕ ತಂದರು. ಅದರ ಜೊತೆ ರೂನ್ ಬಿಲ್ಲೆಗಳ ಚೀಲವೂ ಬರುತ್ತಿತ್ತು. ಪುಸ್ತಕ ಭರ್ಜರಿಯಾಗಿ ಮಾರಾಟವಾಯಿತು. ಬೋಳು ರೂನ್ ಜನರ ಕೈಗೆ ಬಂದದ್ದು ಅಲ್ಲಿಂದ. ಆತ ಹಳೆಯ ಸಾಲಿನ ಕ್ರಮವನ್ನೂ ಬಿಟ್ಟು ತಾನೇ ಬೇರೆ ಕ್ರಮ ಹೊಂದಿಸಿದರು. ಅರ್ಥ ಹೇಳುವ ಧಾಟಿಯಲ್ಲಿ ಚೀನಾದ ಯಿ ಚಿಂಗ್ ಶಕುನ ಪದ್ಧತಿಯ ಪ್ರಭಾವ ಢಾಳಾಗಿಯೇ ಇದೆ. ಅದಕ್ಕಿಂತ ಹಿಂದಿನ ಯಾವ ಕಲ್ಲಿನಲ್ಲೂ ಮರದಲ್ಲೂ ಹಸ್ತಪ್ರತಿಯಲ್ಲೂ ಬೋಳು ರೂನ್ ಇಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ. ರೂನ್ ಅಂದರೆ ಅಕ್ಷರ. ಬರೆಯದೇ ಇರುವ ಅಕ್ಷರ ಯಾವ ವರ್ಣಮಾಲೆಯಲ್ಲಿ ಇರುತ್ತದೆ ಹೇಳಿ?

ನಗುವುದಕ್ಕೆ ಅಂತ ಇದನ್ನು ಹೇಳಲಿಲ್ಲ. ಚೀಲ ಇಟ್ಟುಕೊಂಡು ಖುಷಿಪಡುವವರ ಮೇಲೆ ನನಗೆ ಏನೂ ಬೇಜಾರಿಲ್ಲ. ನನ್ನ ತಕರಾರು ಆ 'ಪ್ರಾಚೀನ' ಅನ್ನುವ ಒಂದು ಮಾತಿನ ಮೇಲೆ ಮಾತ್ರ. ರೂನ್ ಬಗ್ಗೆ ಯಾರು ಏನೇ ಹೇಳಲಿ, ಎರಡು ಪ್ರಶ್ನೆ ಕೇಳಿ. ಇದು ಯಾವುದರ ಮೇಲೆ ಬರೆದಿದೆ? ಆ ವಸ್ತು ಯಾವ ಕಾಲದ್ದು? ಇವತ್ತು ನಾನು ಮಾಡುವುದೂ ಇಷ್ಟೇ, ಒಂದೊಂದು ಮಾತನ್ನೂ ಹಿಡಿದು ಅದರ ವಯಸ್ಸು ಕೇಳುವುದು.

ಸರಿ, ಉಳಿದ 24ರ ವಯಸ್ಸು ಎಷ್ಟು? ಇವು ನಿಜಕ್ಕೂ ಹಳೆಯವು. ಬಾಲ್ಟಿಕ್ ಸಮುದ್ರದ ನಡುವೆ ಗಾಟ್ಲಂಡ್ ಅಂತ ಸ್ವೀಡನ್ನಿಗೆ ಸೇರಿದ ದ್ವೀಪ ಇದೆ. ಅಲ್ಲಿನ ಕಿಲ್ವರ್ ಎಂಬಲ್ಲಿ 1903ರಲ್ಲಿ ಒಂದು ಸಮಾಧಿಯಿಂದ ಚಪ್ಪಡಿ ಕಲ್ಲು ಸಿಕ್ಕಿತು. ಸುಮಾರು 400ನೇ ಇಸವಿಯ ಕಲ್ಲು. ಅದರ ಮೇಲೆ 24 ರೂನ್‌ಗಳನ್ನೂ ಕ್ರಮವಾಗಿ ಕೆತ್ತಿದ್ದಾರೆ. ಪೂರ್ತಿ ಸಾಲು ಸಿಕ್ಕಿರುವುದರಲ್ಲಿ ಅದೇ ಹಳೆಯದು. ಮೊದಲ ಆರು ಅಕ್ಷರಗಳ ಉಚ್ಚಾರ ಸೇರಿಸಿದರೆ 'ಫುಥಾರ್ಕ್' ಅಂತಾಗುತ್ತದೆ, ವರ್ಣಮಾಲೆಗೆ ಅದೇ ಹೆಸರು. ಸತ್ತವರ ಜೊತೆ ವರ್ಣಮಾಲೆಯನ್ನು ಯಾಕೆ ಇಟ್ಟರು ಅನ್ನುವುದಕ್ಕೆ ಊಹೆಗಳು ಬೇಕಾದಷ್ಟಿವೆ. ಕಲ್ಲಿನ ಮೇಲೆ ಕಾರಣ ಬರೆದಿಲ್ಲ.

ಅದಕ್ಕೂ ಹಿಂದಕ್ಕೆ ಹೋಗೋಣ. ಡೆನ್ಮಾರ್ಕಿನ ಫ್ಯೂನ್ ದ್ವೀಪದಲ್ಲಿ ವಿಮೋಸೆ ಅಂತ ಒಂದು ಜೌಗು ಪ್ರದೇಶ. ಹಿಂದೆ ಅಲ್ಲಿ ಕೆರೆ ಇತ್ತು. ಸೋತ ಸೈನಿಕರ ಆಯುಧಗಳನ್ನೂ ಸಾಮಾನುಗಳನ್ನೂ ಆ ಕೆರೆಗೆ ಎಸೆಯುತ್ತಿದ್ದರು, ದೇವರಿಗೆ ಅರ್ಪಣೆ ಅಂತ ಇರಬೇಕು. ಕೆಸರಿನಲ್ಲಿ ಎಲ್ಲವೂ ಹಾಳಾಗದೆ ಉಳಿಯಿತು. ಅಲ್ಲಿ ಒಂದು ಬಾಚಣಿಗೆ ಸಿಕ್ಕಿದೆ, ಸುಮಾರು 160ನೇ ಇಸವಿಯದ್ದು. ಅದರ ಮೇಲೆ ಐದು ರೂನ್: 'ಹರ್ಯಾ'. ಬಹುಶಃ ಒಬ್ಬನ ಹೆಸರು. ಖಚಿತವಾಗಿ ಓದಲು ಬರುವ ತೀರಾ ಹಳೆಯ ರೂನ್ ಬರಹಗಳಲ್ಲಿ ಇದೂ ಒಂದು. ಮಂತ್ರದಂಡದ ಮೇಲಲ್ಲ ನೋಡಿ, ತಲೆ ಬಾಚಿಕೊಳ್ಳುವ ಬಾಚಣಿಗೆಯ ಮೇಲೆ! 2021ರಲ್ಲಿ ನಾರ್ವೆಯ ಸ್ವಿಂಗೆರುಡ್ ಎಂಬಲ್ಲಿ ಸಮಾಧಿಯೊಂದರಲ್ಲಿ ಇನ್ನೊಂದು ಕಲ್ಲು ಸಿಕ್ಕಿತು. ಅಲ್ಲಿದ್ದ ಇದ್ದಿಲು, ಮೂಳೆ ಪರೀಕ್ಷೆ ಮಾಡಿ 1ರಿಂದ 250ನೇ ಇಸವಿಯ ಒಳಗಿನದ್ದು ಅಂತ ಹೇಳಿದ್ದಾರೆ. ಅಂದರೆ ರೂನ್‌ಗಳ ಇತಿಹಾಸ ಹೆಚ್ಚು ಕಡಿಮೆ ಎರಡು ಸಾವಿರ ವರ್ಷದ ಒಳಗಿನದ್ದು. ಹಿಮಯುಗದಿಂದ ಬಂದ ಲಿಪಿ ಅಂತ ಯಾರಾದರೂ ಹೇಳಿದರೆ ಎರಡನೇ ಪ್ರಶ್ನೆ ಕೇಳಿ, ಅಷ್ಟೇ ಸಾಕು.

ಲಿಪಿ ಹುಟ್ಟಿದ್ದು ಹೇಗೆ? ಮೆಡಿಟರೇನಿಯನ್ ಸುತ್ತಲಿನ ವರ್ಣಮಾಲೆಗಳಿಂದ ಪಡೆದದ್ದು ಅನ್ನುವುದರಲ್ಲಿ ವಿದ್ವಾಂಸರಿಗೆ ಅನುಮಾನವಿಲ್ಲ. ಲ್ಯಾಟಿನ್ನೋ, ಗ್ರೀಕೋ, ಉತ್ತರ ಇಟಲಿಯ ಲಿಪಿಗಳೋ ಅನ್ನುವುದರಲ್ಲಿ ಮಾತ್ರ ಜಗಳ ಇದೆ. ಆಕಾರ ನೋಡಿದರೆ ನೆಟ್ಟಗಿನ ಗೆರೆ, ಓರೆ ಗೆರೆ ಜಾಸ್ತಿ. ಅಡ್ಡ ಗೆರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮರದ ಮೇಲೆ ಚಾಕುವಿನಿಂದ ಕೆತ್ತುವಾಗ ಅಡ್ಡ ಗೆರೆ ಮರದ ಎಳೆಯ ಜೊತೆ ಬೆರೆತು ಕಾಣದಂತಾಗುತ್ತದೆ, ಅದಕ್ಕೇ ಹೀಗೆ ಅನ್ನುವುದು ಸಾಮಾನ್ಯ ವಿವರಣೆ. ಕೆತ್ತುವವನ ಅನುಕೂಲ ನೋಡಿ ಮಾಡಿಕೊಂಡ ಅಕ್ಷರ.

ಈಗ ಚೀಲದ ಇನ್ನೊಂದು ತಮಾಷೆ. 'ವೈಕಿಂಗ್ ರೂನ್' ಅಂತ ಬರೆದಿದ್ದಾರಲ್ಲ, ವೈಕಿಂಗರು ಈ 24ರ ಸಾಲನ್ನು ಬಳಸುತ್ತಲೇ ಇರಲಿಲ್ಲ. 8ನೇ ಶತಮಾನದ ಹೊತ್ತಿಗೆ, ಅಂದರೆ ವೈಕಿಂಗರ ಕಾಲ ಶುರುವಾಗುವಾಗಲೇ, ಸ್ಕ್ಯಾಂಡಿನೇವಿಯಾದಲ್ಲಿ ಸಾಲು 16ಕ್ಕೆ ಇಳಿದಿತ್ತು. ವಿಚಿತ್ರ ಅಂದರೆ ಅದೇ ಹೊತ್ತಿನಲ್ಲಿ ಅವರ ಭಾಷೆಯಲ್ಲಿ ಸ್ವರಗಳ ಸಂಖ್ಯೆ ಏರುತ್ತಿತ್ತು. ಉಚ್ಚಾರ ಹೆಚ್ಚಾಯಿತು, ಅಕ್ಷರ ಕಡಿಮೆಯಾಯಿತು! ಇಂಗ್ಲೆಂಡಿನಲ್ಲಿ ಇದಕ್ಕೆ ತಿರುಗಾಮುರುಗಾ. ಅಲ್ಲಿ 24ಕ್ಕೆ ಇನ್ನಷ್ಟು ಸೇರಿಸಿಕೊಂಡು 28, ಆಮೇಲೆ 30ರ ಆಚೆಗೂ ಹೋದರು. ಹಾಗಾಗಿ 'ರೂನ್ ವರ್ಣಮಾಲೆ' ಅಂತ ಒಂದೇ ಇಲ್ಲ. ಯಾವ ಕಾಲ, ಯಾವ ನಾಡು ಅಂತ ಹೇಳದೆ ರೂನ್ ಅರ್ಥ ಹೇಳುವವರನ್ನು ಅಲ್ಲೇ ನಿಲ್ಲಿಸಬಹುದು.

16 ಅಕ್ಷರದಲ್ಲಿ ಹೇಗೆ ಸಂಭಾಳಿಸಿದರು? ಡೆನ್ಮಾರ್ಕಿನ ಯೆಲ್ಲಿಂಗ್‌ನಲ್ಲಿ ರಾಜ ಹೆರಾಲ್ಡ್ ಸುಮಾರು 965ರಲ್ಲಿ ನಿಲ್ಲಿಸಿದ ದೊಡ್ಡ ಕಲ್ಲಿದೆ. ಅದರ ಮೊದಲ ಮಾತು ಅಕ್ಷರಕ್ಕೆ ಅಕ್ಷರ ಓದಿದರೆ 'ಹರಲ್ತ್ರ್ ಕುನುಕ್' ಅಂತ ಕೇಳಿಸುತ್ತದೆ. ಹೇಳಬೇಕಾಗಿದ್ದದ್ದು 'ಹರಾಲ್ದ್ರ್ ಕೋನುಂಗ್', ಅಂದರೆ ದೊರೆ ಹೆರಾಲ್ಡ್. ದ ಬದಲು ತ, ಗ ಬದಲು ಕ, ಓ ಬದಲು ಉ. ಮಧ್ಯದ ಅನುನಾಸಿಕ ಮಾಯ. ಓದುವವನಿಗೆ ಭಾಷೆ ಗೊತ್ತು, ಆತ ತುಂಬಿಸಿಕೊಳ್ಳುತ್ತಾನೆ ಅನ್ನುವ ಭರವಸೆ. ಅಪ್ಪ ಗೋರ್ಮ್, ಅಮ್ಮ ಥೂರಾ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ತಾನು ಇಡೀ ಡೆನ್ಮಾರ್ಕ್ ಮತ್ತು ನಾರ್ವೆಯನ್ನು ಗೆದ್ದವನು, ಡೇನರನ್ನು ಕ್ರೈಸ್ತರನ್ನಾಗಿ ಮಾಡಿದವನು ಅಂತಲೂ ಹೆರಾಲ್ಡ್ ಅದರಲ್ಲಿ ಬರೆಸಿಕೊಂಡಿದ್ದಾನೆ. ಇನ್ನೊಂದು ಪಕ್ಕದಲ್ಲಿ ಕ್ರಿಸ್ತನ ಉಬ್ಬುಚಿತ್ರ.

ಈ ಹೆರಾಲ್ಡ್ ನಿಮಗೆ ಪರಿಚಯದವನೇ. ಆತನ ಅಡ್ಡಹೆಸರು 'ಬ್ಲೂಟೂತ್'. ನಿಮ್ಮ ಫೋನಿನಲ್ಲಿರುವ ಆ ಗುರುತು ಈ 16ರ ಸಾಲಿನ ಎಚ್ ಮತ್ತು ಬಿ ಉಚ್ಚಾರದ ಎರಡು ರೂನ್ ಸೇರಿಸಿ ಮಾಡಿದ್ದು. ಬೇರೆ ಬೇರೆ ಕಡೆಯವರನ್ನು ಒಂದುಗೂಡಿಸಿದ ರಾಜ ಅಂತ 1990ರ ದಶಕದಲ್ಲಿ ಎಂಜಿನಿಯರುಗಳು ಆ ಹೆಸರು ಹಿಡಿದರು. ಇದೂ ಆಧುನಿಕ ಬಳಕೆಯೇ. ಆದರೆ ಯಾರು, ಯಾವಾಗ, ಯಾಕೆ ಮಾಡಿದರು ಅನ್ನುವುದು ಬಹಿರಂಗ. ಯಾರೂ ಇದನ್ನು ಪ್ರಾಚೀನ ರಹಸ್ಯ ಅಂತ ಮಾರುತ್ತಿಲ್ಲ.

ಜನಸಾಮಾನ್ಯರು ರೂನ್‌ನಲ್ಲಿ ಏನು ಬರೆಯುತ್ತಿದ್ದರು ಅನ್ನುವುದು ದೊಡ್ಡ ಮಟ್ಟದಲ್ಲಿ ಗೊತ್ತಾಗಿದ್ದು ಒಂದು ಬೆಂಕಿ ಅನಾಹುತದಿಂದ. 1955ರಲ್ಲಿ ನಾರ್ವೆಯ ಬೆರ್ಗೆನ್ ಊರಿನ ಹಳೆಯ ಬಂದರು ಪೇಟೆ ಬ್ರಿಗೆನ್‌ನಲ್ಲಿ ಮರದ ಕಟ್ಟಡಗಳು ಸುಟ್ಟುಹೋದವು. ಆ ಜಾಗ ಅಗೆದಾಗ ರೂನ್ ಕೆತ್ತಿದ ನೂರಾರು ವಸ್ತು ಸಿಕ್ಕವು, ಹೆಚ್ಚಿನವು ಮರದ ಕಡ್ಡಿಗಳು. ಬಹುಪಾಲು 12ರಿಂದ 14ನೇ ಶತಮಾನದವು, ವೈಕಿಂಗರ ಕಾಲ ಮುಗಿದ ಎಷ್ಟೋ ಕಾಲದ ಮೇಲಿನವು. ಇದು ಯಾರ ಸರಕು ಅಂತ ಹೇಳುವ ಚೀಟಿಗಳು, ವ್ಯಾಪಾರದ ಪತ್ರಗಳು, ಲ್ಯಾಟಿನ್ ಪ್ರಾರ್ಥನೆ, ಪ್ರೇಮದ ಮಾತು, ಪೋಲಿ ಮಾತು, ಎಲ್ಲಾ ಇವೆ. 'ಪ್ರೀತಿ ಎಲ್ಲವನ್ನೂ ಗೆಲ್ಲುತ್ತದೆ' ಅನ್ನುವ ವರ್ಜಿಲ್ ಕವಿಯ ಲ್ಯಾಟಿನ್ ಸಾಲನ್ನೂ ಒಬ್ಬರು ರೂನ್‌ನಲ್ಲಿ ಕೆತ್ತಿದ್ದಾರೆ.

ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದು ಚಿಕ್ಕ ಕಡ್ಡಿ. ಅದರ ಮೇಲೆ ಇರುವುದು ಇಷ್ಟು: 'ಗ್ಯೂಡಾ ಹೇಳುತ್ತಾಳೆ, ನೀನು ಮನೆಗೆ ಹೋಗು.' ಗ್ಯೂಡಾ ಹೆಂಗಸಿನ ಹೆಸರು. ಹೆಂಡತಿಯೋ, ತಾಯಿಯೋ, ಅಕ್ಕನೋ, ಗೊತ್ತಿಲ್ಲ. ಹೆಂಡದಂಗಡಿಯಲ್ಲಿ ಕೂತವನಿಗೆ ಬಂದ ಸಂದೇಶ ಅಂತ ಎಲ್ಲರೂ ಕತೆ ಕಟ್ಟುತ್ತಾರೆ. ಕಡ್ಡಿಯಲ್ಲಿ ಹೆಂಡದಂಗಡಿಯ ಸುದ್ದಿಯೇ ಇಲ್ಲ. ಇನ್ನೊಂದು ಮಗ್ಗುಲಲ್ಲಿ ಆತ ಉತ್ತರ ಬರೆಯಲು ನೋಡಿದ ಹಾಗಿದೆ, ಅದು ಓದುವುದಕ್ಕೆ ಬರುವುದಿಲ್ಲ. ಯಾಕೆ ಇದನ್ನು ಒತ್ತಿ ಹೇಳುತ್ತಿದ್ದೇನೆ ಅಂದರೆ, ಕಟ್ಟುಕತೆ ಮಂತ್ರವಾದಿಗಳಿಂದ ಮಾತ್ರ ಬರುವುದಿಲ್ಲ. ನನ್ನಂಥ ಉಪನ್ಯಾಸಕಾರರಿಂದಲೂ ಬರುತ್ತದೆ. ಸಭೆ ನಗಲಿ ಅಂತ ಒಂದು ಹೆಂಡದಂಗಡಿ ಸೇರಿಸುತ್ತೇವೆ, ಹತ್ತು ವರ್ಷದಲ್ಲಿ ಅದು ಇತಿಹಾಸ ಆಗಿಬಿಡುತ್ತದೆ.

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಲ್ಲಿ ಮೇಸ್‌ಹೌ ಅನ್ನುವ ಸುಮಾರು 5000 ವರ್ಷ ಹಳೆಯ ಕಲ್ಲಿನ ಗೋರಿ ಇದೆ. 12ನೇ ಶತಮಾನದಲ್ಲಿ ನಾರ್ಸ್ ಜನ, ಅಂದರೆ ಸ್ಕ್ಯಾಂಡಿನೇವಿಯಾ ಮೂಲದವರು, ಅದರೊಳಗೆ ನುಗ್ಗಿ ಗೋಡೆ ಮೇಲೆ ಸುಮಾರು 30 ಕಡೆ ಗೀಚಿದ್ದಾರೆ. ಗೋಡೆಯಲ್ಲಿ ಸಾಕಷ್ಟು ಮೇಲೆ ಒಬ್ಬ ಬರೆದಿದ್ದಾನೆ: 'ಥೋಲ್ಫ್ ಕೋಲ್ಬೇನ್ಸನ್ ಈ ರೂನ್‌ಗಳನ್ನು ಎತ್ತರದಲ್ಲಿ ಕೆತ್ತಿದ.' ಅಷ್ಟೇ ವಿಷಯ! ಇನ್ನೊಬ್ಬ ಇಂಗಿಗೆರ್ಥ್ ಎಲ್ಲರಿಗಿಂತ ಚೆಲುವೆ ಅಂತ ಬರೆದಿದ್ದಾನೆ, ಪಕ್ಕದಲ್ಲೇ ಒಂದು ನಾಯಿಯ ಚಿತ್ರ. ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾದ ಮೇಲಂತಸ್ತಿನ ಅಮೃತಶಿಲೆಯ ಮೇಲೂ ಹಾಲ್ಫ್‌ಡಾನ್ ಎಂಬುವನ ಹೆಸರು ಇದೆ. ಗೋಡೆ ಕಂಡಲ್ಲಿ ಹೆಸರು ಗೀಚುವ ಚಟ ಎಲ್ಲ ಕಾಲದಲ್ಲೂ ಇತ್ತು.

ಇಷ್ಟು ಹೇಳಿದ ಮೇಲೆ 'ಹಾಗಾದರೆ ರೂನ್‌ಗೂ ಮಾಟಮಂತ್ರಕ್ಕೂ ಸಂಬಂಧವೇ ಇಲ್ಲ ಅಲ್ವಾ' ಅಂತ ನೀವು ಅಂದುಕೊಂಡಿರಬಹುದು. ಅದೂ ತಪ್ಪು. ಕಟ್ಟುಕತೆ ಒಡೆಯುವ ಉತ್ಸಾಹದಲ್ಲಿ ಎಷ್ಟೋ ಜನ ಈ ಕಡೆ ವಾಲಿಬಿಡುತ್ತಾರೆ.

ಸ್ವೀಡನ್ನಿನ ಲಿಂಡ್‌ಹೋಮ್‌ನಲ್ಲಿ ಸಿಕ್ಕ ಒಂದು ಮೂಳೆಯ ತಾಯತ ಇದೆ. ಅದರ ಒಂದು ಬದಿಯಲ್ಲಿ 'ನಾನು ಎರಿಲಾಜ್' ಅಂತ ಶುರುವಾಗುವ ವಾಕ್ಯ. ಎರಿಲಾಜ್ ಅನ್ನುವುದು ರೂನ್ ಬಲ್ಲವನ ಬಿರುದು ಇರಬೇಕು. ಇನ್ನೊಂದು ಬದಿಯಲ್ಲಿ ಅ ರೂನ್ ಎಂಟು ಸಲ ಸಾಲಾಗಿ, ಆಮೇಲೆ ಬೇರೆ ಕೆಲವು ಅಕ್ಷರಗಳು ಮೂರು ಮೂರು ಸಲ. ಕೊನೆಗೆ 'ಅಲು' ಅನ್ನುವ ಮಾತು, ಅದರ ಅರ್ಥ ಖಚಿತವಿಲ್ಲ. ಇದನ್ನು ಸಾಮಾನಿನ ಪಟ್ಟಿ ಅನ್ನಲಾದೀತೇ? ಈ 'ಅಲು' 5-6ನೇ ಶತಮಾನದ ಚಿನ್ನದ ಪದಕಗಳ ಮೇಲೂ ಮತ್ತೆ ಮತ್ತೆ ಬರುತ್ತದೆ. ಸ್ವೀಡನ್ನಿನ ಬ್ಲೆಕಿಂಗೆ ಸೀಮೆಯಲ್ಲಿ ಬ್ಯೋರ್ಕೆಟೋರ್ಪ್ ಅಂತ ಒಂದು ಕಡೆ ನಾಲ್ಕು ಮೀಟರಿಗೂ ಎತ್ತರದ ಕಲ್ಲು ನಿಂತಿದೆ. ಅದನ್ನು ಕೆಡವಿದವನಿಗೆ ಕೇಡು, ವಂಚನೆಯ ಸಾವು ಅಂತ ಅದರ ಮೇಲೆ ಶಾಪ ಹಾಕಿದ್ದಾರೆ. ಡೆನ್ಮಾರ್ಕಿನ ರೀಬೆ ಊರಿನಲ್ಲಿ ಸಿಕ್ಕ ಸುಮಾರು 1300ರ ಕಡ್ಡಿಯೊಂದರ ಮೇಲೆ ನಡುಕದ ಕಾಯಿಲೆ ಬಿಡಿಸುವ ಮಂತ್ರ ಇದೆ. ಅದರಲ್ಲಿ ಬೇಡಿಕೊಳ್ಳುವುದು ಭೂಮಿಯನ್ನು, ಆಕಾಶವನ್ನು, ಸೂರ್ಯನನ್ನು, ಸಂತ ಮೇರಿಯನ್ನು, ಕೊನೆಗೆ ದೇವರನ್ನೇ. ಹಳೆಯದು ಹೊಸದು ಎಲ್ಲಾ ಒಟ್ಟಿಗೆ. ಕಾಯಿಲೆ ಬಿದ್ದವರಿಗೆ ಮತದ ಗಡಿ ಯಾವಾಗ ನೆನಪಿರುತ್ತದೆ!

ಅಂದರೆ ರೂನ್‌ನಲ್ಲಿ ಮಂತ್ರ ಬರೆದಿದ್ದಾರೆ, ನಿಜ. ಆದರೆ ಇಂಥ ಬಹುಪಾಲು ಕಡೆ ಮಂತ್ರದ ಬಲ ಇರುವುದು ಮಾತಿನಲ್ಲಿ, ಹೆಸರಿನಲ್ಲಿ, ಶಾಪದಲ್ಲಿ. ಚೀಲದ ಚೀಟಿ ಹೇಳುವಂತೆ ಒಂದೊಂದು ಅಕ್ಷರಕ್ಕೂ ಒಂದೊಂದು ಸ್ಥಿರವಾದ ಶಕ್ತಿ ಅನ್ನುವ ಪಟ್ಟಿ ಈ ವಸ್ತುಗಳಿಂದ ಹೊರಡುವುದಿಲ್ಲ. ರೂನ್ ಅಧ್ಯಯನ ಮಾಡುವವರಲ್ಲೇ ಎರಡು ಪಂಗಡ ಅಂತ ಇಂಗ್ಲೆಂಡಿನ ವಿದ್ವಾಂಸ ಆರ್. ಐ. ಪೇಜ್ ಹೇಳುತ್ತಿದ್ದರು. ಒಂದು ಅನುಮಾನ ಪಡುವವರದ್ದು, ಇನ್ನೊಂದು ಕಲ್ಪನೆಯವರದ್ದು. ಪೇಜ್ ತಾವು ಮೊದಲ ಪಂಗಡ. ನಾನೂ ಆ ಕಡೆಗೇ, ಆದರೆ ಲಿಂಡ್‌ಹೋಮ್ ಮೂಳೆ ಕಂಡಾಗ ಸ್ವಲ್ಪ ಅಲ್ಲಾಡುತ್ತೇನೆ.

ಐಸ್‌ಲ್ಯಾಂಡಿನ ಎಗಿಲ್ ಎಂಬ ಕವಿಯ ಕತೆಯಲ್ಲಿ ಒಂದು ಒಳ್ಳೆ ಪ್ರಸಂಗ ಬರುತ್ತದೆ. ಎಗಿಲ್ ಒಬ್ಬ ರೈತನ ಮನೆಗೆ ಹೋಗುತ್ತಾನೆ. ಮನೆಮಗಳು ಹೆಲ್ಗಾ ಹಾಸಿಗೆ ಹಿಡಿದಿದ್ದಾಳೆ. ಹಾಸಿಗೆಯಲ್ಲಿ ನೋಡಿದರೆ ರೂನ್ ಕೆತ್ತಿದ ತಿಮಿಂಗಿಲದ ಮೂಳೆ. ನೆರೆಯ ಹುಡುಗನೊಬ್ಬ ಕೆತ್ತಿದ್ದು, ತಪ್ಪಾಗಿ ಕೆತ್ತಿದ್ದ. ಎಗಿಲ್ ಅದನ್ನು ಹೆರೆದು ಸುಟ್ಟು, ಬೇರೆ ರೂನ್ ಕೆತ್ತಿ ದಿಂಬಿನ ಕೆಳಗೆ ಇಡುತ್ತಾನೆ. ಹುಡುಗಿ ಚೇತರಿಸಿಕೊಳ್ಳುತ್ತಾಳೆ. ಓದಲು ಬಾರದವನು ರೂನ್ ಕೆತ್ತಬಾರದು ಅಂತ ಒಂದು ಪದ್ಯವನ್ನೂ ಹೇಳುತ್ತಾನೆ. ಇದನ್ನು ರೂನ್ ಮಾಂತ್ರಿಕತೆಗೆ ಸಾಕ್ಷಿ ಅಂತ ಎಲ್ಲರೂ ಎತ್ತಿ ತೋರಿಸುತ್ತಾರೆ. ತೋರಿಸಲಿ. ಆದರೆ ಕತೆ ನಡೆದದ್ದು 10ನೇ ಶತಮಾನದಲ್ಲಿ, ಬರೆದದ್ದು 13ನೇ ಶತಮಾನದಲ್ಲಿ. ಅದು 13ನೇ ಶತಮಾನದ ಐಸ್‌ಲ್ಯಾಂಡಿನ ಜನ ಹಿಂದಿನವರ ಬಗ್ಗೆ ಏನು ನಂಬಿದ್ದರು ಅನ್ನುವುದಕ್ಕೆ ಗಟ್ಟಿ ಸಾಕ್ಷಿ. ಹಿಂದಿನವರು ಏನು ಮಾಡಿದರು ಅನ್ನುವುದಕ್ಕೆ ಅಷ್ಟು ಗಟ್ಟಿ ಅಲ್ಲ.

ಇನ್ನು ಶಕುನದ ವಿಷಯ. ರೂನ್ ಎಸೆದು ಭವಿಷ್ಯ ಹೇಳುವುದಕ್ಕೆ ಎಲ್ಲರೂ ಕೊಡುವ ಆಧಾರ ಒಂದೇ. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಸುಮಾರು 98ನೇ ಇಸವಿಯಲ್ಲಿ ಜರ್ಮನ್ ಬುಡಕಟ್ಟುಗಳ ಬಗ್ಗೆ ಬರೆದದ್ದು. ಫಲ ಬಿಡುವ ಮರದ ರೆಂಬೆ ಕಡಿದು ಚೂರು ಮಾಡುತ್ತಾರೆ, ಚೂರುಗಳ ಮೇಲೆ ಗುರುತು ಹಾಕುತ್ತಾರೆ, ಬಿಳಿ ಬಟ್ಟೆಯ ಮೇಲೆ ಚೆಲ್ಲುತ್ತಾರೆ. ಊರಿನ ವಿಷಯವಾದರೆ ಪೂಜಾರಿ, ಮನೆಯ ವಿಷಯವಾದರೆ ಮನೆಯ ಯಜಮಾನ ಆಕಾಶ ನೋಡುತ್ತಾ ಪ್ರಾರ್ಥಿಸಿ ಮೂರು ಚೂರು ಎತ್ತಿಕೊಂಡು ಅರ್ಥ ಹೇಳುತ್ತಾನೆ. ವರ್ಣನೆ ಚೆನ್ನಾಗಿದೆ. ಆದರೆ ಆತ ಹೇಳುವುದು 'ಗುರುತು' ಅಂತ ಮಾತ್ರ. ಅವು ಅಕ್ಷರ ಅಂತ ಎಲ್ಲೂ ಹೇಳಿಲ್ಲ. ರೂನ್ ಆಗ ಹುಟ್ಟಿತ್ತೋ ಇಲ್ಲವೋ ಅನ್ನುವುದೇ ಅನುಮಾನದ ಕಾಲ ಅದು. ಆಗಿರಲಿಕ್ಕಿಲ್ಲ ಅಂತಲೂ ಹೇಳಲಾರೆ. ಚೀಲದ 24 ಅರ್ಥಗಳ ಭಾರ ಹೊರುವಷ್ಟು ಮಾತ್ರ ಈ ಒಂದು ಪ್ಯಾರಾಕ್ಕೆ ತಾಕತ್ತಿಲ್ಲ.

ಹಾಗಾದರೆ ಚೀಟಿಯಲ್ಲಿರುವ ಅರ್ಥಗಳು ಎಲ್ಲಿಂದ ಬಂದವು? ಅರ್ಧ ನಿಜದಿಂದ. ರೂನ್‌ಗಳಿಗೆ ಹೆಸರುಗಳಿದ್ದವು. ಫ ಉಚ್ಚಾರದ ಮೊದಲ ರೂನ್‌ನ ಹೆಸರು ದನಕರು, ಸಂಪತ್ತು ಅನ್ನುವ ಅರ್ಥದ್ದು. ಈ ಹೆಸರುಗಳನ್ನು ಹಿಡಿದು ಕಟ್ಟಿದ ಪದ್ಯಗಳು ಉಳಿದಿವೆ. ಒಂದು ಹಳೆಯ ಇಂಗ್ಲಿಷಿನದ್ದು, ಒಂದು ನಾರ್ವೆಯದ್ದು, ಒಂದು ಐಸ್‌ಲ್ಯಾಂಡಿನದ್ದು. ಇಂಗ್ಲಿಷ್ ಪದ್ಯದ ಹಸ್ತಪ್ರತಿ 1731ರಲ್ಲಿ ಲಂಡನ್ನಿನ ಬೆಂಕಿಯಲ್ಲಿ ಸುಟ್ಟುಹೋಯಿತು. ಪುಣ್ಯಕ್ಕೆ ಜಾರ್ಜ್ ಹಿಕ್ಸ್ ಎಂಬ ವಿದ್ವಾಂಸ 1705ರಲ್ಲೇ ಅದನ್ನು ಅಚ್ಚು ಹಾಕಿಸಿದ್ದ. ಇವತ್ತು ನಾವು ಓದುವುದು ಆ ಅಚ್ಚಿನ ಪ್ರತಿಯನ್ನೇ.

ಈಗ ಆ ಮೊದಲ ರೂನ್‌ಗೆ ಪದ್ಯಗಳು ಏನು ಹೇಳುತ್ತವೆ ಕೇಳಿ. ಇಂಗ್ಲಿಷ್ ಪದ್ಯದ ಪ್ರಕಾರ ಸಂಪತ್ತು ಎಲ್ಲರಿಗೂ ನೆಮ್ಮದಿ, ಆದರೆ ದೇವರ ಮುಂದೆ ಒಳ್ಳೆಯ ಹೆಸರು ಬೇಕಾದರೆ ಅದನ್ನು ಧಾರಾಳವಾಗಿ ಹಂಚಬೇಕು. ನಾರ್ವೆಯ ಪದ್ಯದ ಪ್ರಕಾರ ಸಂಪತ್ತು ನೆಂಟರ ನಡುವೆ ಜಗಳ ತರುತ್ತದೆ, ತೋಳ ಕಾಡಿನಲ್ಲಿ ಬೆಳೆಯುತ್ತದೆ. ಒಂದೇ ಅಕ್ಷರ. ಒಂದು ಕಡೆ ದಾನದ ಬುದ್ಧಿಮಾತು, ಇನ್ನೊಂದು ಕಡೆ ದಾಯಾದಿ ಜಗಳ. ನಮ್ಮ ಚೀಟಿಯಲ್ಲಿ ಇರುವುದು 'ಧನಲಾಭ, ಶುಭ'. ತೋಳವನ್ನೂ ನೆಂಟರನ್ನೂ ಬಿಟ್ಟುಬಿಟ್ಟಿದ್ದಾರೆ. ನನ್ನ ಕೇಳಿದರೆ ನಾರ್ವೆಯವನಿಗೇ ಲೋಕಾನುಭವ ಜಾಸ್ತಿ.

ಈಗ ಮಾತು ಸ್ವಲ್ಪ ಕಹಿಯಾಗುತ್ತದೆ. ಇಪ್ಪತ್ತನೇ ಶತಮಾನದ ರೂನ್ ಮಾಂತ್ರಿಕತೆಯ ಒಂದು ದೊಡ್ಡ ಬೇರು ವಿಯೆನ್ನಾದಲ್ಲಿದೆ. ಗೀಡೊ ಫಾನ್ ಲಿಸ್ಟ್ ಅಂತ ಒಬ್ಬ ಬರಹಗಾರ. 1902ರಲ್ಲಿ ಆತನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ತಿಂಗಳುಗಟ್ಟಲೆ ಕಣ್ಣು ಕಾಣಲಿಲ್ಲ. ಆ ಕತ್ತಲಲ್ಲಿ ತನಗೆ 18 ರೂನ್‌ಗಳ ರಹಸ್ಯ ಹೊಳೆಯಿತು ಅಂತ ಹೇಳಿಕೊಂಡ, 1908ರಲ್ಲಿ ಪ್ರಕಟಿಸಿದ. 18 ಯಾಕೆ? ಐಸ್‌ಲ್ಯಾಂಡಿನಲ್ಲಿ ಉಳಿದ 'ಹಾವಮಾಲ್' ಅನ್ನುವ ಹಳೆಯ ಪದ್ಯದಲ್ಲಿ ಓಡಿನ್ ಒಂಬತ್ತು ರಾತ್ರಿ ಮರಕ್ಕೆ ನೇತುಬಿದ್ದು ರೂನ್‌ಗಳನ್ನು ಪಡೆಯುವ ಪ್ರಸಂಗ ಇದೆ. ಅದೇ ಪದ್ಯದ ಮುಂದಿನ ಭಾಗದಲ್ಲಿ ತನಗೆ 18 ಮಂತ್ರದ ಹಾಡು ಗೊತ್ತು ಅಂತ ಪಟ್ಟಿ ಕೊಡುತ್ತಾನೆ. ಲಿಸ್ಟ್ ಹಾಡಿಗೊಂದು ರೂನ್ ಜೋಡಿಸಿದ. ಪದ್ಯ ಹಾಗೆ ಹೇಳುವುದಿಲ್ಲ. ಒಂದು ಹಾಡಿನಲ್ಲಿ, ನೇಣಿಗೆ ಬಿದ್ದವನನ್ನು ಮಾತಾಡಿಸಲು ರೂನ್ ಕೆತ್ತುತ್ತೇನೆ ಅನ್ನುವ ಮಾತು ಬರುತ್ತದೆ. ಅದರಲ್ಲೂ ಯಾವ ರೂನ್ ಅಂತಿಲ್ಲ. 18 ಅಕ್ಷರದ ಇಂಥ ಸಾಲನ್ನು ಹಳೆಯ ಕಾಲದಲ್ಲಿ ಯಾರೂ ಬಳಸಿಲ್ಲ.

ಲಿಸ್ಟ್‌ನ ಬರಹದಲ್ಲಿ ಆರ್ಯ ಜನಾಂಗದ ಹುಚ್ಚು ತುಂಬಿತ್ತು. ನಾಜಿಗಳು, ಅದರಲ್ಲೂ ಹಿಮ್ಲರ್‌ನ ಎಸ್‌ಎಸ್ ಪಡೆ, ಈ ಕಡೆಯಿಂದ ಬೇಕಾದ್ದನ್ನು ಎತ್ತಿಕೊಂಡರು. ಎಸ್‌ಎಸ್‌ನ ಮಿಂಚಿನಂಥ ಎರಡು ಗುರುತು 'ವಿಜಯದ ರೂನ್' ಅಂತ ಹೇಳುತ್ತಿದ್ದರು. ಆ ರೂನ್‌ನ ಹಳೆಯ ಹೆಸರು ಸೂರ್ಯ. 'ವಿಜಯ' ಅಂತ ಮಾಡಿದ್ದು ಲಿಸ್ಟ್. ಇನ್ನೊಂದು, 'ಜೀವ ರೂನ್' ಮತ್ತು 'ಮರಣ ರೂನ್'. ಕೈ ಮೇಲೆತ್ತಿದಂತೆ ಮೂರು ಕವಲಿನ ಒಂದು ಗುರುತು, ಅದನ್ನೇ ತಲೆಕೆಳಗು ಮಾಡಿದ ಇನ್ನೊಂದು. ನಾಜಿ ಕಾಲದ ಗೋರಿಗಳಲ್ಲಿ ಹುಟ್ಟಿದ ದಿನ, ಸತ್ತ ದಿನದ ಪಕ್ಕ ಇವನ್ನು ಹಾಕಿದರು. ವೈಕಿಂಗರ 16ರ ಸಾಲಿನಲ್ಲಿ ಮೊದಲನೆಯದರ ಹೆಸರು 'ಮನುಷ್ಯ', ತಲೆಕೆಳಗಿನದ್ದು 'ಯೂ' ಅನ್ನುವ ಒಂದು ಮರ. ಹುಟ್ಟೂ ಇಲ್ಲ, ಸಾವೂ ಇಲ್ಲ.

ಇದರ ಬಾಲ ಇನ್ನೂ ಉದ್ದ ಇದೆ. ಶಾಂತಿ ಚಿಹ್ನೆ, ವೃತ್ತದೊಳಗೆ ಕೆಳಗೆ ಮೂರು ಕವಲಿರುವುದು, ಅದು ಮರಣ ರೂನ್, ಪೈಶಾಚಿಕ ಅಂತ ಹಬ್ಬಿಸುವವರಿದ್ದಾರೆ. ಅದನ್ನು ಬ್ರಿಟನ್ನಿನ ಜೆರಾಲ್ಡ್ ಹೋಲ್ಟಮ್ 1958ರಲ್ಲಿ ಅಣ್ವಸ್ತ್ರ ವಿರೋಧಿ ಮೆರವಣಿಗೆಗೆ ಬರೆದ. ಬಾವುಟ ಹಿಡಿದು ಸಂಕೇತ ಕೊಡುವ ಪದ್ಧತಿಯಲ್ಲಿ ಎನ್ ಮತ್ತು ಡಿ ಅಕ್ಷರಗಳ ಕೈ ಭಂಗಿಯನ್ನು ಒಂದರ ಮೇಲೊಂದು ಇಟ್ಟರೆ ಆ ಚಿತ್ರ ಬರುತ್ತದೆ. ಅಣ್ವಸ್ತ್ರ ನಿರಸ್ತ್ರೀಕರಣ ಅನ್ನುವ ಇಂಗ್ಲಿಷ್ ಮಾತಿನ ಮೊದಲ ಅಕ್ಷರಗಳು ಅವು. ಮಜಾ ಏನು ಗೊತ್ತಾ? ಹಬ್ಬಿಸುವವರು ಬೈಯುವ 'ಮರಣ ರೂನ್' ಅನ್ನುವುದೇ ಇಪ್ಪತ್ತನೇ ಶತಮಾನದ್ದು.

ಟ್ಯಾಟೂ ಹಾಕಿಸಿಕೊಳ್ಳುವ ಯೋಚನೆಯಲ್ಲಿರುವ ಯುವಕರಿಗೆ ಇಲ್ಲೇ ಒಂದು ಮಾತು. ಜರ್ಮನಿಯಲ್ಲಿ ಎಸ್‌ಎಸ್ ರೂನ್ ಗುರುತನ್ನು ಸಾರ್ವಜನಿಕವಾಗಿ ತೋರಿಸುವುದು ಅಪರಾಧ. ಓದಲಿಕ್ಕೆ, ಕೆಲಸಕ್ಕೆ ಅಂತ ನಮ್ಮವರು ಎಷ್ಟೊಂದು ಜನ ಅಲ್ಲಿಗೆ ಹೋಗುತ್ತಾರೆ. ತೋಳಿನ ಮೇಲೆ ಏನಿದೆ ಅಂತ ತಿಳಿದುಕೊಂಡು ಹೋಗಿ. 'ವೈಕಿಂಗ್ ದಿಕ್ಸೂಚಿ' ಅಂತ ಎಂಟು ಕವಲಿನ ಚಕ್ರದಂಥ ಟ್ಯಾಟೂ ಕೂಡ ಈಗ ಜೋರಾಗಿದೆ, ಹೆಸರು ವೆಗ್ವೀಸಿರ್. ಅದರಿಂದ ಅಂಥ ತೊಂದರೆ ಇಲ್ಲ. ಆದರೆ ಅದು ರೂನ್ ಅಲ್ಲ, ವೈಕಿಂಗರದ್ದೂ ಅಲ್ಲ. ನಮಗೆ ಅದು ಸಿಗುವುದು 1860ರಲ್ಲಿ ಐಸ್‌ಲ್ಯಾಂಡಿನಲ್ಲಿ ಬರೆದ ಹುಲ್ಡ್ ಅನ್ನುವ ಹಸ್ತಪ್ರತಿಯಲ್ಲಿ.

ಚರ್ಚು ಬಂದು ರೂನ್‌ಗಳನ್ನು ಅಳಿಸಿಹಾಕಿತು ಅನ್ನುವ ಮಾತನ್ನೂ ಕೇಳಿರುತ್ತೀರಿ. ಸ್ವೀಡನ್ನಿನಲ್ಲಿ ಸುಮಾರು 2500 ರೂನ್ ಕಲ್ಲುಗಳಿವೆ, ಅದರಲ್ಲಿ ಸಾವಿರಕ್ಕೂ ಮೇಲ್ಪಟ್ಟು ಸ್ಟಾಕ್‌ಹೋಮ್ ಸುತ್ತಲಿನ ಉಪ್‌ಲಂಡ್ ಸೀಮೆಯೊಂದರಲ್ಲೇ. ಹೆಚ್ಚಿನವು 11ನೇ ಶತಮಾನದವು. ಎಷ್ಟೋ ಕಲ್ಲುಗಳ ಮೇಲೆ ಶಿಲುಬೆ ಇದೆ, ಕೊನೆಯ ಸಾಲು 'ದೇವರು ಅವನ ಆತ್ಮಕ್ಕೆ ನೆರವಾಗಲಿ'. ನಮ್ಮ ವೀರಗಲ್ಲು ನೋಡಿದವರಿಗೆ ಈ ಧಾಟಿ ಹೊಸದಲ್ಲ: ಸತ್ತವರು ಯಾರು, ನಿಲ್ಲಿಸಿದವರು ಯಾರು. ಆದರೆ ಇಲ್ಲಿ ಕಾದಾಡಿ ಸತ್ತವರು ಕಡಿಮೆ, ಮನೆಯಲ್ಲಿ ಸತ್ತ ಅಪ್ಪ, ಗಂಡ, ಮಗ ಜಾಸ್ತಿ. ಕ್ರೈಸ್ತ ಮತಕ್ಕೆ ಬದಲಾಗುತ್ತಿದ್ದ ಕಾಲದಲ್ಲೇ ಈ ಕಲ್ಲುಗಳ ಸುಗ್ಗಿ.

ಸ್ಟಾಕ್‌ಹೋಮ್ ಹತ್ತಿರದ ತೇಬಿಯಲ್ಲಿ ಯಾರ್ಲಬಾಂಕೆ ಅಂತ ಒಬ್ಬ ಜಮೀನ್ದಾರ ಇದ್ದ. ಜೌಗು ನೆಲದ ಮೇಲೆ ಏರಿ ರಸ್ತೆ ಹಾಕಿಸಿ ಎರಡು ತುದಿಯಲ್ಲೂ ಕಲ್ಲು ನಿಲ್ಲಿಸಿದ. ಬರಹ ಹೀಗಿದೆ: 'ಯಾರ್ಲಬಾಂಕೆ ತಾನು ಬದುಕಿರುವಾಗಲೇ ತನ್ನ ನೆನಪಿಗೆ ಈ ಕಲ್ಲುಗಳನ್ನು ನಿಲ್ಲಿಸಿದ, ತನ್ನ ಆತ್ಮಕ್ಕಾಗಿ ಈ ಸೇತುವೆ ಮಾಡಿಸಿದ. ಇಡೀ ತೇಬಿಗೆ ಅವನೊಬ್ಬನೇ ಒಡೆಯ. ದೇವರು ಅವನ ಆತ್ಮಕ್ಕೆ ನೆರವಾಗಲಿ.' ರಸ್ತೆ ಕಾಮಗಾರಿಗೆ ತನ್ನ ಹೆಸರಿನ ಬೋರ್ಡು ಹಾಕಿಸುವುದು ಇವತ್ತಿನ ರೋಗ ಅಂದುಕೊಂಡಿದ್ದಿರಾ? ಇನ್ನು ಸ್ವೀಡನ್ನಿನ ದಾಲಾರ್ನಾ ಸೀಮೆಯ ಎಲ್ವ್‌ದಾಲೆನ್‌ನಲ್ಲಿ ಲ್ಯಾಟಿನ್ ಅಕ್ಷರ ಬೆರೆತ ಒಂದು ಬಗೆಯ ರೂನ್ ಸುಮಾರು 1900ರವರೆಗೂ ಬಳಕೆಯಲ್ಲಿತ್ತು.

ಅಂದಮೇಲೆ ರೂನ್‌ನಲ್ಲಿ ನಿಗೂಢ ಏನೂ ಉಳಿದಿಲ್ಲವೇ? ಇದೆ ಸ್ವಾಮಿ, ಬೇಕಾದಷ್ಟಿದೆ. ಸ್ವೀಡನ್ನಿನ ರೋಕ್‌ನಲ್ಲಿ ಸುಮಾರು 800ನೇ ಇಸವಿಯ ಕಲ್ಲಿದೆ. ಐದೂ ಮಗ್ಗುಲಲ್ಲಿ ಸೇರಿ ಸುಮಾರು 760 ರೂನ್, ಜಗತ್ತಿನಲ್ಲೇ ಉದ್ದದ ಕಲ್ಲಿನ ರೂನ್ ಬರಹ. ವಾರಿನ್ ಎಂಬ ತಂದೆ ತೀರಿಕೊಂಡ ಮಗ ವಾಮೋದನ ನೆನಪಿಗೆ ಬರೆಸಿದ್ದು. ಅಲ್ಲಿಗೆ ಎಲ್ಲರೂ ಒಪ್ಪುತ್ತಾರೆ. ಮುಂದೆ ಒಗಟುಗಳ ಸಾಲು, ನಡುನಡುವೆ ಗುಪ್ತಲಿಪಿ. ಥಿಯೊಡೊರಿಕ್ ರಾಜನ ವೀರಗಾಥೆ ಇದೆ ಅಂತ ಹಳೆಯ ಓದು. 2020ರಲ್ಲಿ ಸ್ವೀಡನ್ನಿನ ಒಂದು ತಂಡ ಬೇರೆಯೇ ಓದು ಮುಂದಿಟ್ಟಿತು: 536ರ ಸುಮಾರಿಗೆ ಸೂರ್ಯ ಮಂಕಾಗಿ ಬಂದ ಭಯಂಕರ ಚಳಿ ಮತ್ತೆ ಬಂದೀತು ಅನ್ನುವ ಹೆದರಿಕೆ ಈ ಒಗಟುಗಳ ಹಿಂದಿದೆ ಅಂತ. ಎಲ್ಲರೂ ಒಪ್ಪಿಲ್ಲ. ಈ ಜಗಳ ನೋಡಲು ಚೆಂದ. ಯಾಕಂದರೆ ಪ್ರತಿಯೊಬ್ಬರೂ ಇಂಥ ಮಗ್ಗುಲು, ಇಂಥ ಸಾಲು, ಇಂಥ ಅಕ್ಷರ ಅಂತ ಬೆರಳಿಟ್ಟು ತೋರಿಸಿ ಜಗಳ ಆಡುತ್ತಾರೆ.

ನೀವೂ ಹಾಗೆ ಬೆರಳಿಟ್ಟು ತೋರಿಸಿ ಅಂತ ಕೇಳಬಹುದು. ಪತ್ತೆಯಾದ ರೂನ್ ಬರಹಗಳಿಗೆಲ್ಲ ನಂಬರ್ ಕೊಟ್ಟಿದ್ದಾರೆ. ಯಾರ್ಲಬಾಂಕೆಯ ಕಲ್ಲುಗಳು ಯು 164 ಮತ್ತು ಯು 165, ಇಲ್ಲಿ ಯು ಅಂದರೆ ಉಪ್‌ಲಂಡ್. ಯೆಲ್ಲಿಂಗ್‌ನ ಹೆರಾಲ್ಡ್ ಕಲ್ಲು ಡಿಆರ್ 42. ಕಿಲ್ವರ್ ಕಲ್ಲು ಜಿ 88. ಉಪ್ಸಾಲಾ ವಿಶ್ವವಿದ್ಯಾಲಯ ಕಟ್ಟಿದ ರೂನ್ ದತ್ತಾಂಶ ಕೋಶ, ಸ್ವೀಡನ್ನಿನ ಪುರಾತತ್ವ ಇಲಾಖೆಯ ಜಾಲತಾಣ, ಎರಡೂ ಉಚಿತ. ನಂಬರ್ ಹಾಕಿದರೆ ಮೂಲ ಬರಹ, ಇಂಗ್ಲಿಷ್ ಅನುವಾದ, ಕಾಲ, ಜಾಗ ಎಲ್ಲ ಬರುತ್ತದೆ. ಯಾರಾದರೂ 'ಹಳೆಯ ಕಲ್ಲೊಂದರ ಮೇಲೆ ಹೀಗಿದೆ' ಅಂದರೆ, ನಂಬರ್ ಎಷ್ಟು ಅಂತ ವಿನಯವಾಗಿ ಕೇಳಿ.

ಬರುವಾಗ ಬಾಗಿಲಲ್ಲಿ ಮೂರ್ನಾಲ್ಕು ಜನ ತಮ್ಮ ಹೆಸರನ್ನು ರೂನ್‌ನಲ್ಲಿ ಬರೆದುಕೊಡಿ ಅಂದರು. ಖಂಡಿತ ಬರೆಯೋಣ. ಆದರೆ ಮೊದಲು ಯಾವ ಸಾಲು ಬೇಕು ಅಂತ ತೀರ್ಮಾನ ಮಾಡಿ. ವೈಕಿಂಗರ 16ರ ಸಾಲು ಬೇಕು ಅಂದರೆ ಟ, ಡ, ತ, ದ ಎಲ್ಲಕ್ಕೂ ಒಂದೇ ಅಕ್ಷರ. ಕ, ಗ ಎರಡಕ್ಕೂ ಒಂದೇ. ಒತ್ತಕ್ಷರ ಇದ್ದರೆ ಸಾಮಾನ್ಯವಾಗಿ ಒಂದೇ ಸಲ ಬರೆಯುತ್ತಿದ್ದರು. 'ಕನ್ನಡ' ಅಂತ ಬರೆದುಕೊಟ್ಟರೆ 'ಗನಟ' ಅಂತಲೂ ಓದಬಹುದು. 'ಗೀತಾ' ಮತ್ತು 'ಕೀಟ' ಒಂದೇ ಆಗಿಬಿಡುತ್ತದೆ. ಗೀತಾ ಅನ್ನುವವರು ಯಾರಾದರೂ ಇದ್ದರೆ ಅವರಿಗೆ ನಾನು 24ರ ಸಾಲಿನಲ್ಲೇ ಬರೆದುಕೊಡುತ್ತೇನೆ. ಅದರಲ್ಲಿ ಕ, ಗ ಬೇರೆ ಬೇರೆ ಇವೆ.